ಮರಳೂರಿನ ಹುಲ್ಲುಹಾಸು

ದುಬೈನ ಝಬೀಲ್ ಪಾರ್ಕಿಗೆ ಹೋಗಿಬಂದವರಿಂದ ಎರಡು ಬಗೆಯ ಮಾತು ಕೇಳಿಬರುತ್ತದೆ. ವಾರವಿಡೀ ಮಹಡಿಯ ಮೇಲಿನ ಫ್ಲ್ಯಾಟಿನಲ್ಲಿ ಕಳೆದ ಮಕ್ಕಳು ಬರಿಗಾಲಲ್ಲಿ ಓಡಾಡಲು ಸಿಕ್ಕುವ ಜಾಗ ಅದು, ಅದಿಲ್ಲದಿದ್ದರೆ ಈ ಊರಿನಲ್ಲಿ ಉಸಿರು ಕಟ್ಟುತ್ತಿತ್ತು ಎನ್ನುವವರು ಒಂದು ಕಡೆ. ಹೊಳೆಯಿಲ್ಲ, ಕೆರೆಯಿಲ್ಲ, ಮಳೆ ಬಂದರೆ ಬಂತು. ಅಂಥ ನೆಲದ ಮೇಲೆ ಇಷ್ಟು ಹುಲ್ಲು ಬೆಳೆಸುವುದು ಸರಿಯಲ್ಲ, ಅದರ ಮೇಲೆ ಕೂತು ಖುಷಿಪಡಲು ಮನಸ್ಸು ಒಪ್ಪುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಮೊದಲನೆಯವರನ್ನು ಸುಖ ಹುಡುಕುವವರೆಂದೂ ಎರಡನೆಯವರನ್ನು ಹುಳುಕು ಹುಡುಕುವವರೆಂದೂ ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಕೊಲ್ಲಿಯಲ್ಲಿ ನೆಲೆಸಿದ ಕನ್ನಡಿಗರ ಒಂದೇ ಮನೆಯೊಳಗೆ ಈ ಎರಡೂ ಅಭಿಪ್ರಾಯ ಇರುವುದುಂಟು. ಆದ್ದರಿಂದ ಎರಡೂ ವಾದಗಳನ್ನು ಅವುಗಳ ಗಟ್ಟಿ ರೂಪದಲ್ಲೇ ಎದುರಿಟ್ಟುಕೊಂಡು ನೋಡುವುದು ಮೇಲು.

ಮೊದಲು ಸಂಗತಿಗಳು. 2005ರ ಡಿಸೆಂಬರಿನಲ್ಲಿ ತೆರೆದ ಈ ಉದ್ಯಾನ ಕರಾಮಾದ ಜನನಿಬಿಡ ಬೀದಿಗಳಿಗೂ ಶೇಖ್ ಝಾಯೆದ್ ರಸ್ತೆಯ ಗೋಪುರಗಳಿಗೂ ನಡುವೆ ಸುಮಾರು 47 ಹೆಕ್ಟೇರ್ ಜಾಗದಲ್ಲಿ ಹರಡಿಕೊಂಡಿದೆ. ನಮ್ಮ ಲಾಲ್‌ಬಾಗಿನ ಅರ್ಧದಷ್ಟು ಎನ್ನಬಹುದು. ಕೊಳ, ಓಟದ ಹಾದಿ, ಮಕ್ಕಳ ಆಟದ ಜಾಗ, ಒಲೆ ಹಚ್ಚಿ ಮಾಂಸ ಸುಡಲು ಗೊತ್ತುಮಾಡಿದ ಕಟ್ಟೆಗಳು, ಎಲ್ಲಕ್ಕಿಂತ ಹೆಚ್ಚಾಗಿ ವಿಶಾಲವಾದ ಹುಲ್ಲುಹಾಸು. ಹತ್ತಿರದಲ್ಲೇ ಮೆಟ್ರೊ ನಿಲ್ದಾಣ. ಪ್ರವೇಶಕ್ಕೆ 5 ದಿರ್ಹಮ್. ಮೆಟ್ರೊ ಹತ್ತುವ ನೋಲ್ ಕಾರ್ಡಿನಿಂದಲೇ ಅದನ್ನು ಕೊಡಬಹುದು. ದುಬೈನಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆ ಸರಾಸರಿ 100 ಮಿಲಿಮೀಟರಿನ ಆಸುಪಾಸು. ಬೆಂಗಳೂರಿನಲ್ಲಿ ಅದರ ಒಂಬತ್ತು ಪಟ್ಟಿಗಿಂತ ಹೆಚ್ಚು ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹಗಲಿನ ಉಷ್ಣತೆ 40 ಡಿಗ್ರಿ ಮುಟ್ಟುವುದು ಮಾಮೂಲು.

ಆಕ್ಷೇಪಣೆಯ ಬಲ ಈ ಕೊನೆಯ ಎರಡು ಅಂಕಿಗಳಲ್ಲಿದೆ. ಅಂಥ ಬಿಸಿಲಿನಲ್ಲಿ ಒಂದು ಚದರ ಮೀಟರ್ ಹುಲ್ಲು ಹಸಿರಾಗಿ ಉಳಿಯಬೇಕಾದರೆ ದಿನಕ್ಕೆ ಎಂಟರಿಂದ ಹತ್ತು ಲೀಟರ್ ನೀರು ಬೇಕು. ಒಂದು ಹೆಕ್ಟೇರಿಗೆ ಹೆಚ್ಚುಕಡಿಮೆ ಲಕ್ಷ ಲೀಟರ್, ಅದೂ ಪ್ರತಿದಿನ. ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಆ ಲೆಕ್ಕದಲ್ಲಿ ಆಕಾಶ ವರ್ಷವಿಡೀ ಕೊಡುವುದನ್ನು ಬೇಸಿಗೆಯ ಹುಲ್ಲು ಹತ್ತು ಹನ್ನೆರಡು ದಿನಗಳಲ್ಲಿ ಕುಡಿದು ಮುಗಿಸುತ್ತದೆ. ಉಳಿದ ದಿನಗಳ ನೀರನ್ನು ಮನುಷ್ಯನೇ ತರಬೇಕು. ದುಬೈನ ನಲ್ಲಿಗಳಿಗೆ ಬರುವುದು ಸಮುದ್ರದಿಂದ ತೆಗೆದು ಸಿಹಿಗೊಳಿಸಿದ ನೀರು. ಜೆಬೆಲ್ ಅಲಿಯ ಬೃಹತ್ ಘಟಕಗಳು ಅದಕ್ಕಾಗಿ ಹಗಲಿರುಳು ಇಂಧನ ಸುಡುತ್ತವೆ, ಬೇರ್ಪಡಿಸಿದ ಉಪ್ಪನ್ನು ದಟ್ಟ ದ್ರವವಾಗಿ ಆಳವಿಲ್ಲದ ಕೊಲ್ಲಿಗೇ ಮರಳಿಸುತ್ತವೆ. ಇಷ್ಟೆಲ್ಲ ತೆತ್ತು ಬೆಳೆಸಿದ ಹುಲ್ಲಿನ ಮೇಲೆ ಚಾಪೆ ಹಾಸುವಾಗ ಅದರ ಬೆಲೆ ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂಬುದೇ ಆಕ್ಷೇಪಿಸುವವರ ಮುಖ್ಯ ಕಳವಳ. ಒಂದು ನಗರ ತಾನಿರುವ ಜಾಗವನ್ನು ಮರೆತು ಬದುಕಲು ಕಲಿತರೆ, ಮುಂದೆ ನೀರು ಇನ್ನೂ ದುಬಾರಿಯಾದ ದಿನ ಅದು ಹೇಗೆ ಬದುಕೀತು ಎಂದು ಅವರು ಕೇಳುತ್ತಾರೆ. ಇದು ಸಣ್ಣ ಪ್ರಶ್ನೆಯಲ್ಲ.

ಉದ್ಯಾನದ ಪರ ಇರುವವರು ಇದಕ್ಕೆ ಕೊಡುವ ಉತ್ತರವೂ ಸಣ್ಣದಲ್ಲ. ಪಾರ್ಕಿನ ಹುಲ್ಲು ಕುಡಿಯುವುದು ಮನೆಗೆ ಬರುವ ಸಿಹಿನೀರನ್ನಲ್ಲ, ಮನೆಗಳಿಂದ ಹೊರಟ ತ್ಯಾಜ್ಯನೀರನ್ನು ಸಂಸ್ಕರಿಸಿದ ಮೇಲೆ ಸಿಗುವ ನೀರನ್ನು. ನಗರದ ಹಸಿರಿಗೆ ಆ ನೀರನ್ನು ಹಂಚುವ ಪ್ರತ್ಯೇಕ ಕೊಳವೆಜಾಲ ದುಬೈನಲ್ಲಿ ದಶಕಗಳಿಂದ ಇದೆ. ಸಮುದ್ರದಿಂದ ಎಳೆದು ತಂದು ಒಮ್ಮೆ ಬಳಸಿದ ನೀರಿಗೆ ಎರಡನೆಯ ಬಾಳು ಸಿಕ್ಕಂತಾಯಿತು. ಬೆಳೆಸುವ ಹುಲ್ಲೂ ಉಪ್ಪಿಗೆ ಬಗ್ಗದ ಪಾಸ್ಪಾಲಮ್‌ನಂಥ ಜಾತಿಯದು. ಇನ್ನು, ಟೀಕೆ ಶುರುವಾಗಬೇಕಾದರೆ ಗೋಡೆಯೊಳಗಿನ ವಿಲ್ಲಾ ತೋಟಗಳಿಂದ ಶುರುವಾಗಲಿ. ಹಲವೆಡೆ ಅವುಗಳಿಗೆ ನಲ್ಲಿಯ ಸಿಹಿನೀರೇ ಹೋಗುತ್ತದೆ, ಅನುಭವಿಸುವುದು ಒಂದೊಂದೇ ಕುಟುಂಬ. ಸಾವಿರಾರು ಜನ ಒಟ್ಟಿಗೆ ಹಂಚಿಕೊಳ್ಳುವ ಹುಲ್ಲನ್ನು ಮೊದಲ ಆರೋಪಿಯಾಗಿ ನಿಲ್ಲಿಸುವುದೇಕೆ? ಈ ಮಾತಿನಲ್ಲಿ ನ್ಯಾಯವಿದೆ ಎಂದು ನಾನೂ ಒಪ್ಪುತ್ತೇನೆ. ನೀರಿನ ಲೆಕ್ಕ ಹಾಕುವಾಗ ಎಷ್ಟು ಖರ್ಚಾಯಿತು ಎನ್ನುವುದರ ಜೊತೆಗೆ ಎಷ್ಟು ಜನರಿಗೆ ದಕ್ಕಿತು ಎನ್ನುವುದನ್ನೂ ಕೇಳಬೇಕು.

ಆದರೂ ಸಂಸ್ಕರಿತ ನೀರೆಂದರೆ ಪುಕ್ಕಟೆ ನೀರು ಎಂದು ತಿಳಿಯುವಂತಿಲ್ಲ. ಅದರ ಪ್ರತಿ ಹನಿಯಲ್ಲೂ ಉಪ್ಪು ಬೇರ್ಪಡಿಸಲು ಸುಟ್ಟ ಇಂಧನ ಅಡಗಿದೆ, ಮೇಲೆ ಸಂಸ್ಕರಣೆಯ ಖರ್ಚು. ಆ ನೀರಿಗೆ ಬೇರೆ ಬೇಡಿಕೆಗಳೂ ಇವೆ: ಇಡೀ ಬಡಾವಣೆಗೆ ಒಂದೇ ಕಡೆಯಿಂದ ತಂಪು ಒದಗಿಸುವ ಸ್ಥಾವರಗಳು, ಕಾರ್ಖಾನೆಗಳು, ಜಾನುವಾರುಗಳ ಮೇವು. ನಮ್ಮಲ್ಲಿ ಇದು ಹೊಸ ವಿಷಯವಲ್ಲ. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರ ಗುಣಮಟ್ಟದ ಬಗ್ಗೆ ಜಗಳ ಏನೇ ಇರಲಿ, ಬೆಂಗಳೂರು ಚೆಲ್ಲಿದ ನೀರಿಗೂ ಕಾಯುವವರಿದ್ದಾರೆ ಎಂಬುದು ಅದರಿಂದ ಗೊತ್ತಾಯಿತು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದಾಗ, ಮಳೆಯಿರುವ ಊರಿಗೇ ಆ ಪಾಡಾದರೆ ಎಂದು ಯೋಚಿಸಿದವರು ಹಲವರು. ಇನ್ನೊಂದು ತೊಡಕೂ ಇದೆ. ಮನೆಗಳಿಂದ ತ್ಯಾಜ್ಯನೀರು ಬರುವುದು ವರ್ಷದುದ್ದಕ್ಕೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಗಿಡಗಳ ಬಾಯಾರಿಕೆ ಬೇಸಿಗೆಯಲ್ಲಿ ಚಳಿಗಾಲದ ಹಲವು ಪಟ್ಟಾಗುತ್ತದೆ. ಹುಲ್ಲಿಗೆ ನೀರು ಅತಿ ಹೆಚ್ಚು ಬೇಕಾದ ತಿಂಗಳುಗಳಲ್ಲೇ ಅದರ ಮೇಲೆ ಕೂರಲು ಬರುವವರು ಅತಿ ಕಡಿಮೆ.

ನೀರಿನ ಲೆಕ್ಕವನ್ನು ಇಲ್ಲಿಗೆ ಬಿಟ್ಟು ಮನುಷ್ಯರ ಕಡೆ ತಿರುಗಿದರೆ ತಕ್ಕಡಿ ಬೇರೆಯಾಗಿ ತೂಗುತ್ತದೆ. ದುಬೈನ ಜನಸಂಖ್ಯೆ 35 ಲಕ್ಷ ದಾಟಿದೆ. ಅವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೊರನಾಡಿನಿಂದ ಬಂದವರು. ಮಂಗಳೂರು, ಉಡುಪಿ, ಭಟ್ಕಳ, ಕಾರವಾರದ ಕಡೆಯವರಿಗೆ ಈ ಊರಿನೊಡನೆ ತಲೆಮಾರುಗಳ ನಂಟಿದೆ. ಕರಾಮಾದಲ್ಲೂ ಬರ್ ದುಬೈನಲ್ಲೂ ಒಂದು ಫ್ಲ್ಯಾಟನ್ನು ಎರಡು ಮೂರು ಕುಟುಂಬಗಳು ಹಂಚಿಕೊಂಡಿರುವುದು, ಸಂಸಾರ ಊರಲ್ಲೇ ಬಿಟ್ಟು ಬಂದವರು ಬೆಡ್‌ಸ್ಪೇಸ್ ಹೆಸರಿನಲ್ಲಿ ಒಂದು ಮಂಚವನ್ನಷ್ಟೇ ಬಾಡಿಗೆಗೆ ಹಿಡಿಯುವುದು ಸರ್ವೇಸಾಮಾನ್ಯ. ಅಂಥವರಿಗೆ ಮನೆಗೆ ನೆಂಟರನ್ನು ಕರೆಯುವುದು ಸುಲಭವಲ್ಲ. ನವೆಂಬರಿನಿಂದ ಮಾರ್ಚಿನವರೆಗೆ ಪಾರ್ಕೇ ಅವರ ಅಂಗಳ, ಜಗಲಿ, ಸಮುದಾಯ ಭವನ. ಊರಿನವರ ಸಂಘಗಳ ವಿಹಾರಕೂಟ ನಡೆಯುವುದು ಅಲ್ಲಿ. ಮಗುವಿನ ಹುಟ್ಟುಹಬ್ಬಕ್ಕೆ ಡಬ್ಬಿಗಳಲ್ಲಿ ನೀರ್ ದೋಸೆ, ಕೋಳಿ ಸಾರು ಹೊತ್ತು ತರುವುದು ಅಲ್ಲಿಗೆ. ಪಕ್ಕದ ಚಾಪೆಯಲ್ಲಿ ಫಿಲಿಪ್ಪೀನಿನ ಕುಟುಂಬ, ಆಚೆ ಪೆಶಾವರದವರು, ಅದರಾಚೆ ಸ್ಥಳೀಯ ಎಮಿರಾಟಿ ಹೆಂಗಸರು ಮಕ್ಕಳ ಹಿಂದೆ. ನಾಲ್ಕೂ ಕಡೆಯವರು ಒಂದೇ ನೆಲದ ಮೇಲೆ ಒಂದೇ ಎತ್ತರದಲ್ಲಿ ಕೂರುವ ಸಂದರ್ಭ ಆ ನಗರದಲ್ಲಿ ಬಹಳ ಇಲ್ಲ.

ಮಾಲ್‌ಗಳಿವೆಯಲ್ಲ ಎಂದು ಕೇಳಬಹುದು. ಮಾಲ್‌ಗೆ ಟಿಕೆಟ್ ಇಲ್ಲ, ಒಳಗೆ ತಂಪು, ವರ್ಷದ ಹನ್ನೆರಡು ತಿಂಗಳೂ ಹೋಗಬಹುದು. ನಿಜ. ಆದರೆ ಅದು ಕೊಳ್ಳುವವರಿಗಾಗಿ ಕಟ್ಟಿದ ಜಾಗ. ಮನೆಯ ಬುತ್ತಿ ಬಿಚ್ಚಿ ನಾಲ್ಕು ತಾಸು ಕೂತು ಹರಟಲು, ಮಕ್ಕಳು ಕಿರುಚಿಕೊಂಡು ಓಡಲು, ಮುದುಕರೊಬ್ಬರು ಮರಕ್ಕೆ ಒರಗಿ ನಿದ್ದೆಹೋಗಲು ಅಲ್ಲಿ ಅವಕಾಶವಿಲ್ಲ. ಪಾರ್ಕಿನ 5 ದಿರ್ಹಮ್ ಕೊಟ್ಟ ಮೇಲೆ ಇನ್ನೇನನ್ನೂ ಕೊಳ್ಳಬೇಕಾಗಿಲ್ಲ ಎಂಬುದು ಸಣ್ಣ ಸ್ವಾತಂತ್ರ್ಯವಲ್ಲ. ವಾರದಲ್ಲಿ ಒಂದು ದಿನವನ್ನು ಹೆಂಗಸರು ಮತ್ತು ಮಕ್ಕಳಿಗೇ ಮೀಸಲಿಡುವ ಪದ್ಧತಿಯೂ ದುಬೈನ ದೊಡ್ಡ ಉದ್ಯಾನಗಳಲ್ಲಿ ಬೆಳೆದು ಬಂತು. ಬೇರೆಲ್ಲೂ ಸಿಗದ ನಿರಾಳತೆ ಅಲ್ಲಿ ಎಷ್ಟೋ ಹೆಂಗಸರಿಗೆ ಸಿಕ್ಕಿತು.

ಇದನ್ನೆಲ್ಲ ಒಪ್ಪಿದ ಮೇಲೂ ಎದುರು ಪಕ್ಷದವರು ಒಂದು ಮಾತು ಕೇಳುತ್ತಾರೆ: ಈ ಅಂಗಳ ಯಾರಿಗೆ ಅತಿ ಹೆಚ್ಚು ಬೇಕೋ ಅವರಿಗೆ ದಕ್ಕುತ್ತಿದೆಯೇ? ಕಟ್ಟಡ ಕಟ್ಟುವ, ರಸ್ತೆ ಹಾಕುವ, ಇದೇ ಗಿಡಗಳಿಗೆ ಗೊಬ್ಬರ ಹಾಕುವ ಲಕ್ಷಾಂತರ ಕಾರ್ಮಿಕರು ಇರುವುದು ಅಲ್ ಕೂಝ್, ಮುಹೈಸ್ನಾ, ಜೆಬೆಲ್ ಅಲಿಯ ವಸತಿಗಳಲ್ಲಿ. ಅಲ್ಲಿಂದ ಝಬೀಲಿಗೆ ಬಂದುಹೋಗುವ ಬಸ್ಸಿನ ಖರ್ಚು, ಪ್ರವೇಶ ಧನ, ಅರ್ಧ ದಿನದ ಬಿಡುವು ಸೇರಿದರೆ, ತಿಂಗಳ ಸಂಬಳದಲ್ಲಿ ಬಹುಪಾಲು ಊರಿಗೆ ಕಳಿಸುವವನಿಗೆ ಅದು ಎರಡು ಸಲ ಯೋಚಿಸುವ ಮಾತು. ಹೊರಗಿನ ಕೆಲಸಕ್ಕೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಕಾನೂನಿನ ವಿರಾಮವಿದೆ. ಆ ವಿರಾಮವನ್ನು ಕಳೆಯಲು ಹತ್ತಿರದಲ್ಲಿ ನೆರಳು ಬೇಕಾದ ಮನುಷ್ಯನಿಗೆ ಊರಿನ ನಡುವಿನ ಹುಲ್ಲುಹಾಸಿನಿಂದ ಬಂದ ಲಾಭವೇನು? ಸಾರ್ವಜನಿಕ ಎಂಬ ಹೆಸರಿನಲ್ಲಿ ನೀರು ಖರ್ಚು ಮಾಡುವಾಗ ಆ ಸಾರ್ವಜನಿಕರಲ್ಲಿ ಯಾರು ಯಾರು ಇದ್ದಾರೆ ಎಂದು ಎಣಿಸಲೇಬೇಕೆಂಬ ಈ ವಾದ, ಇಡೀ ಚರ್ಚೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು.

ಶುಲ್ಕದ ಪರವಾಗಿಯೂ ಹೇಳಲು ಇದೆ. ಅಷ್ಟು ದೊಡ್ಡ ಜಾಗ ಸ್ವಚ್ಛವಾಗಿ, ಸುರಕ್ಷಿತವಾಗಿ ಉಳಿದಿರುವುದರಲ್ಲಿ ಆ ಚಿಕ್ಕ ಮೊತ್ತದ ಪಾಲೂ ಇದ್ದೀತು. ಬಡಾವಣೆಗಳ ಒಳಗಿನ ಸಣ್ಣ ಪಾರ್ಕುಗಳಿಗೆ ಶುಲ್ಕವಿಲ್ಲ, ದೊಡ್ಡವುಗಳಿಗಷ್ಟೇ ಇದೆ. ಉಚಿತವಾಗಿ ತೆರೆದಿಟ್ಟು ನಿರ್ವಹಣೆಯಿಲ್ಲದೆ ಸೊರಗಿದ ಉದ್ಯಾನಗಳನ್ನು ನಮ್ಮ ಊರುಗಳಲ್ಲೇ ಕಂಡಿರುವ ನಾವು ಈ ಸಮರ್ಥನೆಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ.

ಮರುಭೂಮಿಗೆ ಹಸಿರೇ ಪರಕೀಯ ಎಂಬ ಮಾತು ಬಂದಾಗ ಉದ್ಯಾನದ ಪರ ಇರುವವರು ಇತಿಹಾಸವನ್ನು ಮುಂದಿಡುತ್ತಾರೆ. ಅದು ಅವರ ಒಳ್ಳೆಯ ವಾದಗಳಲ್ಲೊಂದು. ದುಬೈನಿಂದ ಒಂದೂವರೆ ತಾಸಿನ ದಾರಿಯ ಅಲ್ ಐನ್‌ನಲ್ಲಿ, ಭೂಮಿಯಡಿಯ ಕಾಲುವೆಗಳಲ್ಲಿ ನೀರನ್ನು ಇಳಿಜಾರಿನ ಬಲದಿಂದಲೇ ಹರಿಸಿ ತಂದ ಫಲಜ್ ವ್ಯವಸ್ಥೆ ಸುಮಾರು 3,000 ವರ್ಷ ಹಳೆಯದು. ಅಲ್ಲಿನ ಖರ್ಜೂರದ ತೋಪುಗಳೂ ಸೇರಿದಂತೆ ಆ ತಾಣಗಳನ್ನು 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಊರಿನಲ್ಲೇ ಬೆಳೆದ ಶೇಖ್ ಝಾಯೆದ್ 1966ರಲ್ಲಿ ಅಬುಧಾಬಿಯ ಆಡಳಿತಗಾರರಾದ ಮೇಲೆ ಗಿಡ ನೆಡುವುದನ್ನು ರಾಜ್ಯ ಕಟ್ಟುವ ಕೆಲಸದ ಭಾಗವಾಗಿಯೇ ಕಂಡರು. ಉಪ್ಪುನೀರಿನ ಬಾವಿ, ಈಚಲ ಗರಿಯ ಗುಡಿಸಲು, ಮುತ್ತು ಹೆಕ್ಕುವ ದೋಣಿಗಳ ಕಾಲವನ್ನು ಕಣ್ಣಾರೆ ಕಂಡ ಆ ತಲೆಮಾರಿಗೆ ಹಸಿರು ಆಡಂಬರವಾಗಿರಲಿಲ್ಲ, ಬಡತನ ಕಳೆದದ್ದಕ್ಕೆ ಗುರುತಾಗಿತ್ತು. ಮಳೆಯ ನಾಡಿನಲ್ಲಿ ಹುಟ್ಟಿದ ನಾವು ಅವರಿಗೆ ಮರಳೇ ಚೆಂದ, ಹಾಗೇ ಇರಿ ಎಂದು ಉಪದೇಶಿಸುವುದರಲ್ಲಿ ಒಂದು ಬಗೆಯ ಉದ್ಧಟತನವಿದೆ.

ಅದೇ ಇತಿಹಾಸವನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ಫಲಜ್ ತೋಪಿನಲ್ಲಿ ನೀರಿಗೆ ಸರದಿ ಇತ್ತು, ಪಾಲು ಇತ್ತು. ಎತ್ತರದಲ್ಲಿ ಖರ್ಜೂರ, ಅದರ ನೆರಳಲ್ಲಿ ನಿಂಬೆ ಮಾವು, ನೆಲಮಟ್ಟದಲ್ಲಿ ಕುದುರೆಮೆಂತ್ಯ. ಒಂದೇ ನೀರು ಮೂರು ಬೆಳೆಗೆ. ನೀರು ಎಷ್ಟು ಬಂತೋ ಅಷ್ಟಕ್ಕೇ ತೋಪಿನ ಎಲ್ಲೆ ನಿಲ್ಲುತ್ತಿತ್ತು. ಹುಲ್ಲುಹಾಸಿನ ಕಲ್ಪನೆ ಬಂದದ್ದು ಜಿಟಿಜಿಟಿ ಮಳೆಯ ದೇಶಗಳಿಂದ, ಅದಕ್ಕೆ ಇಂಥ ಎಲ್ಲೆ ಗೊತ್ತಿಲ್ಲ. ಆಕ್ಷೇಪಿಸುವವರಲ್ಲಿ ಯೋಚಿಸಿ ಮಾತಾಡುವವರು ಹಸಿರು ಬೇಡ ಎಂದು ಹೇಳುತ್ತಿಲ್ಲ. ಈ ನೆಲ ತಾನೇ ಸಾಕಿಕೊಳ್ಳಬಲ್ಲ ಹಸಿರು ಸಾಲದೇ ಎಂದು ಕೇಳುತ್ತಿದ್ದಾರೆ.

ಹಾಗೆ ಕೇಳುವವರು ತೋರಿಸುವುದು ಗಫ್ ಮರವನ್ನು. ಅದು ಸಂಯುಕ್ತ ಅರಬ್ ಎಮಿರೇಟ್ಸ್‌ನ ರಾಷ್ಟ್ರೀಯ ವೃಕ್ಷ. 2019ನ್ನು ಸಹಿಷ್ಣುತೆಯ ವರ್ಷವೆಂದು ಸಾರಿದಾಗ ಆ ದೇಶ ಲಾಂಛನವಾಗಿ ಆರಿಸಿಕೊಂಡದ್ದೂ ಅದನ್ನೇ. ವಿಜಯದಶಮಿಯಂದು ನಾವು ಪೂಜಿಸುವ ಬನ್ನಿ, ರಾಜಸ್ಥಾನದವರ ಖೇಜ್ರಿ, ಅರಬ್ಬರ ಗಫ್ ಮೂರೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಜಾತಿ. ಹತ್ತಾರು ಮೀಟರ್ ಆಳಕ್ಕೆ ಬೇರಿಳಿಸಿ ನೀರು ಹುಡುಕಿಕೊಳ್ಳುವ, ಮರಳನ್ನು ಹಿಡಿದು ನಿಲ್ಲಿಸುವ, ಒಂಟೆಗೆ ಮೇವಾಗುವ ಈ ಮರದ ಬುಡದಲ್ಲೇ ಹಿಂದೆ ಬದೂಯಿ ಜನ ಪಂಚಾಯಿತಿ ಸೇರುತ್ತಿದ್ದದ್ದು. ದುಬೈನ ಅಂಚಿನ ಮುಶ್ರಿಫ್ ಪಾರ್ಕ್ ಐದು ಚದರ ಕಿಲೋಮೀಟರಿಗೂ ಮಿಗಿಲಾದದ್ದು, ಅದರ ಬಹುಭಾಗ ಗಫ್ ಕಾಡು. ಅಲ್ಲಿ ಸೈಕಲ್ ದಾರಿ, ಕಾಲ್ದಾರಿಗಳಿವೆ. ಝಬೀಲನ್ನು ಮಾತ್ರ ನೋಡಿ ಮರಳೂರಿನ ಪಾರ್ಕೆಂದರೆ ಇಷ್ಟೇ ಎಂದು ತೀರ್ಮಾನಿಸಿದವರು ಮುಶ್ರಿಫ್‌ನಲ್ಲಿ ಒಂದು ಬೆಳಗ್ಗೆ ನಡೆದು ಬರಬೇಕು. ಅಬುಧಾಬಿಯಲ್ಲಿ ಇತ್ತೀಚೆಗೆ ತೆರೆದ ಅಲ್ ಫೇ ಪಾರ್ಕಿನಲ್ಲೂ ಸ್ಥಳೀಯ ಗಿಡಗಳನ್ನೇ ಒತ್ತಾಗಿ ನೆಟ್ಟು ನೀರು ಉಳಿಸುವ ಪ್ರಯತ್ನ ನಡೆದಿದೆ.

ಗಫ್ ಪ್ರೇಮಿಗಳು ಮರೆಯುವುದನ್ನೂ ಹೇಳಬೇಕು. ಈ ಮರ ಬೆಳೆಯುವುದು ನಿಧಾನ. ಇಂದು ನೆಟ್ಟದ್ದು ಇಂದಿನ ಮಗುವಿಗೆ ನೆರಳಾಗುವ ಹೊತ್ತಿಗೆ ಆ ಮಗು ಶಾಲೆ ಮುಗಿಸಿರುತ್ತದೆ. ಉದುರಿದ ಮುಳ್ಳಿನ ಮೇಲೆ ಅಂಬೆಗಾಲಿಡುವ ಕೂಸನ್ನು ಬಿಡಲಾಗುವುದಿಲ್ಲ. ಬಿಸಿ ಮರಳಿನ ಮೇಲೆ ಚೆಂಡಾಟ ಆಗದು, ಗಾಲಿಕುರ್ಚಿ ಹೋಗದು. ಝಬೀಲಿನಲ್ಲಿ ಜನ ಒಟ್ಟುಗೂಡುವುದಕ್ಕೆ ಕಾರಣ ಹುಲ್ಲೇ ಹೊರತು ಮರಗಳಲ್ಲ ಎಂದು ವಾದಿಸಿದರೆ ಒಪ್ಪಬೇಕಾಗುತ್ತದೆ. ಇನ್ನು ಬರನಿರೋಧಕ ಎಂಬ ಒಂದೇ ಗುಣ ನೋಡಿ ಗಿಡ ಆರಿಸುವುದರ ಅಪಾಯ ಎರಡೂ ಕಡೆಯವರಿಗೆ ಗೊತ್ತು. ನಮ್ಮ ಬಯಲುಸೀಮೆಯನ್ನು ಆವರಿಸಿದ ಬಳ್ಳಾರಿ ಜಾಲಿಯನ್ನೇ ಎಮಿರೇಟ್ಸ್‌ನಲ್ಲೂ ಹಸಿರೀಕರಣಕ್ಕೆಂದು ತಂದು ನೆಟ್ಟರು. ಅದು ಅಲ್ಲೂ ಹತೋಟಿ ಮೀರಿ ಹಬ್ಬಿ, ಗಫ್ ಬೆಳೆಯಬೇಕಾದ ಜಾಗವನ್ನೇ ತಿಂದಿತು.

ಹಕ್ಕಿಗಳ ವಿಷಯ ಹೀಗೆಯೇ ಎರಡಾಗಿದೆ. ಚಳಿಗಾಲದಲ್ಲಿ ವಲಸೆ ಬರುವ ಚಂದ್ರಮುಕುಟಗಳಿಗೆ ಈ ಉದ್ಯಾನಗಳು ತಂಗುದಾಣ. ನೀರುಣಿಸಿದ ಮಣ್ಣಿನಲ್ಲಿ ಅವು ಕೊಕ್ಕಿನಿಂದ ಹುಳ ಹೆಕ್ಕುವುದನ್ನು ನೋಡಲೆಂದೇ ಬರುವವರಿದ್ದಾರೆ. ಆದರೆ ಅದೇ ತೇವ, ಅದೇ ನೆರಳು ನಮ್ಮ ಮೈನಾಗಳನ್ನೂ ಗಿಳಿಗಳನ್ನೂ ಅಲ್ಲಿ ಗುಂಪುಗುಂಪಾಗಿ ನೆಲೆಯೂರಿಸಿತು. ಮರುಭೂಮಿಯ ಹಕ್ಕಿಗಳಿಗೆ ಇದರಿಂದ ನಷ್ಟವೇ.

ತಂಪಿನ ವಾದದಲ್ಲೂ ಎಚ್ಚರ ಬೇಕು. ಹುಲ್ಲು, ಮರಗಳಿರುವ ಜಾಗ ಡಾಂಬರು, ಕಾಂಕ್ರೀಟಿಗಿಂತ ತಂಪು ಎಂಬುದರಲ್ಲಿ ಸಂಶಯವಿಲ್ಲ. ಆದರೆ ದುಬೈ ಕಡಲತೀರದ ಊರು. ಆಗಸ್ಟ್ ತಿಂಗಳ ಗಾಳಿಯಲ್ಲಿ ಆಗಲೇ ತೇವ ತುಂಬಿರುವಾಗ ಎಲೆಗಳಿಂದ ಆವಿಯಾಗುವ ನೀರು ಮೈಗೆ ಕೊಡುವ ನೆಮ್ಮದಿ ಕಡಿಮೆ. ಅಲ್ಲಿ ಮನುಷ್ಯನನ್ನು ಕಾಪಾಡುವುದು ಮುಖ್ಯವಾಗಿ ನೆರಳು. ಹುಲ್ಲಿಗೆ ನೆರಳಿಲ್ಲ. 2024ರ ಏಪ್ರಿಲ್‌ನಲ್ಲಿ ದುಬೈ ವಿಮಾನ ನಿಲ್ದಾಣದ ಸುತ್ತ ಒಂದು ದಿನದಲ್ಲಿ ಸುಮಾರು 142 ಮಿಲಿಮೀಟರ್ ಮಳೆ ಸುರಿದು ರಸ್ತೆಗಳು ಹೊಳೆಯಾದಾಗ, ಮುಚ್ಚದ ನೆಲಕ್ಕೆ ಎಷ್ಟು ಬೆಲೆ ಎಂಬುದು ಎಲ್ಲರಿಗೂ ಅರಿವಾಯಿತು. ಆದರೆ ನೀರು ಇಂಗಿಸಿಕೊಳ್ಳಲು ಹುಲ್ಲೇ ಆಗಬೇಕೆಂದಿಲ್ಲ, ಬರೀ ಮರಳೂ ಆ ಕೆಲಸ ಮಾಡುತ್ತದೆ.

ಇನ್ನುಳಿದದ್ದು ಬಾಳಿಕೆಯ ಪ್ರಶ್ನೆ. 1975ರಲ್ಲಿ ತೆರೆದ ಸಫಾ ಪಾರ್ಕ್ ದುಬೈನ ಹಳೆಯ ಉದ್ಯಾನಗಳಲ್ಲೊಂದು. ನಲವತ್ತು ವರ್ಷ ನೀರುಣಿಸಿ ಬೆಳೆಸಿದ ಅದರ ಒಂದು ಭಾಗವನ್ನು, ಬಿಸಿನೆಸ್ ಬೇ ಬಡಾವಣೆಯಿಂದ ಕೊಲ್ಲಿಗೆ ಸೇರುವ ಕಾಲುವೆಗಾಗಿ ಬಿಟ್ಟುಕೊಡಲಾಯಿತು. 2016ರ ನವೆಂಬರಿನಲ್ಲಿ ಕಾಲುವೆ ತೆರೆಯಿತು. ಅದರ ದಡಗಳಲ್ಲಿ ಸಾರ್ವಜನಿಕರಿಗೆ ನಡೆಯಲು, ಓಡಲು ದಾರಿ ಸಿಕ್ಕಿತು, ಒಳನಾಡಿಗೆ ನೀರಿನ ಅಂಚು ಬಂತು. ಯೋಜಕರ ಈ ಸಮರ್ಥನೆ ಹುರುಳಿಲ್ಲದ್ದಲ್ಲ. ಅಲ್ಲಿಯೇ ಮಕ್ಕಳನ್ನು ಆಡಿಸಿದವರ ನೋವೂ ಹುರುಳಿಲ್ಲದ್ದಲ್ಲ. ಮಳೆಯ ನಾಡಿನಲ್ಲಿ ಮರ ಕಡಿದರೆ ಮತ್ತೊಂದು ತಾನಾಗಿ ಚಿಗುರುತ್ತದೆ. ದುಬೈನಲ್ಲಿ ಪ್ರತಿ ದೊಡ್ಡ ಮರದ ಹಿಂದೆ ದಶಕಗಳ ನೀರಿನ ಖರ್ಚಿದೆ, ಅದನ್ನು ಕಳೆದರೆ ಆ ನೀರನ್ನೆಲ್ಲ ಚೆಲ್ಲಿದ ಹಾಗೆ. ಝಬೀಲಿನ ಒಂದು ಮೂಲೆಯಲ್ಲಿ 2018ರಲ್ಲಿ ತೆರೆದ 150 ಮೀಟರ್ ಎತ್ತರದ ದುಬೈ ಫ್ರೇಮ್ ನೋಡಲು ಲೋಕವೇ ಬರುತ್ತದೆ. ಪ್ರವಾಸೋದ್ಯಮಕ್ಕೆ ಅದು ಬೇಕಾದೀತು. ಆದರೆ ಪಾರ್ಕು ಖಾಲಿ ಜಾಗವಲ್ಲ ಎಂಬ ತಿಳಿವಳಿಕೆ ಯೋಜನೆ ರೂಪಿಸುವವರಲ್ಲಿ ಇರದಿದ್ದರೆ, ಹಸಿರಿಗಾಗಿ ನೀರು ಖರ್ಚು ಮಾಡುವುದಕ್ಕೆ ಇರುವ ಅತಿ ಬಲವಾದ ಸಮರ್ಥನೆಯೇ ಬಿದ್ದುಹೋಗುತ್ತದೆ.

2021ರ ಮಾರ್ಚಿನಲ್ಲಿ ಪ್ರಕಟವಾದ ದುಬೈ 2040 ನಗರ ಯೋಜನೆ, ಹಸಿರು ಹಾಗೂ ವಿಹಾರದ ಜಾಗಗಳನ್ನು ಇಮ್ಮಡಿಗೊಳಿಸುವ ಗುರಿ ಇಟ್ಟುಕೊಂಡಿದೆ. ಆ ಹೊತ್ತಿಗೆ ಜನಸಂಖ್ಯೆ 58 ಲಕ್ಷ ಆಗಬಹುದೆಂಬ ಅಂದಾಜು ಅದರಲ್ಲಿದೆ. ಅಂದರೆ ಈ ಚರ್ಚೆ ಹಳೆಯ ಪಾರ್ಕುಗಳ ಬಗ್ಗೆ ಮಾತ್ರವಲ್ಲ, ಇನ್ನೂ ಹುಟ್ಟದವುಗಳ ಬಗ್ಗೆ ಕೂಡ.

ಎರಡೂ ಕಡೆಯನ್ನು ಕೇಳಿದ ಮೇಲೆ, ಹೆಚ್ಚು ಖಚಿತತೆಯಿಲ್ಲದೆಯೇ, ನನ್ನ ಒಲವು ಹೀಗಿದೆ. ಉದ್ಯಾನ ಇರಬೇಕು, ದೊಡ್ಡದಾಗಿಯೇ ಇರಬೇಕು. ಒಂದು ಮಂಚದಷ್ಟೇ ಜಾಗವುಳ್ಳವರು ಇಷ್ಟು ಮಂದಿ ಇರುವ ಊರಿನಲ್ಲಿ ತೆರೆದ ಬಯಲನ್ನು ಐಷಾರಾಮವೆಂದು ಕರೆಯಲು ನನಗೆ ಬಾಯಿ ಬಾರದು. ಆದರೆ ಹುಲ್ಲು ತನ್ನ ನೀರಿಗೆ ತಕ್ಕ ಕೆಲಸ ಮಾಡುವ ಕಡೆ ಮಾತ್ರ ಇರಲಿ: ಮಕ್ಕಳು ಆಡುವಲ್ಲಿ, ಚಾಪೆ ಹಾಸುವಲ್ಲಿ. ಯಾರೂ ಕಾಲಿಡದ ಇಳಿಜಾರು, ರಸ್ತೆಯ ನಡುವಿನ ಪಟ್ಟಿ, ಚಳಿಗಾಲಕ್ಕೊಮ್ಮೆ ನೆಟ್ಟು ಬೇಸಿಗೆಗೆ ಕಿತ್ತೆಸೆಯುವ ಹೂವಿನ ಮಡಿಗಳು ಇವಕ್ಕೆ ಹೋಗುವ ನೀರನ್ನು ಗಫ್, ಖರ್ಜೂರ ಮೊದಲಾದ ನೆರಳಿನ ಮರಗಳಿಗೆ ತಿರುಗಿಸುವುದು ನ್ಯಾಯ. ಶುಲ್ಕವನ್ನು ಪೂರ್ತಿ ತೆಗೆಯುವುದು ಕಷ್ಟವಾದರೆ, ಕಾರ್ಮಿಕರಿಗೆ ವಾರಕ್ಕೊಂದು ದಿನವಾದರೂ ಬಾಗಿಲು ಉಚಿತವಾಗಿ ತೆರೆಯಲಿ. ಅದಕ್ಕಿಂತ ಮೇಲಾದದ್ದು, ಮುಹೈಸ್ನಾ, ಅಲ್ ಕೂಝ್‌ಗಳ ಪಕ್ಕದಲ್ಲೇ ಮರಗಳ ನೆರಳಿನ ಜಾಗಗಳು ಬರುವುದು. ಊರಿನಿಂದ ಬಂದ ನೆಂಟರನ್ನು ಕರೆದೊಯ್ಯುವವರಿಗೆ ಹೇಳುವುದಾದರೆ, ಝಬೀಲಿಗೆ ಹೋಗುವುದರಲ್ಲಿ ತಪ್ಪಿತಸ್ಥರಂತೆ ಭಾವಿಸಬೇಕಾದ್ದೇನೂ ಇಲ್ಲ, ಮುಶ್ರಿಫ್‌ಗೂ ಒಂದು ದಿನ ಮೀಸಲಿಡಿ. ನಾವು ಪೂಜಿಸುವ ಬನ್ನಿ ಮರ ಮರಳಿನಲ್ಲಿ ಹೇಗೆ ನಿಂತಿದೆ ಎಂದು ಮಕ್ಕಳಿಗೆ ತೋರಿಸಿ.

ಹುಲ್ಲಿನ ನೀರನ್ನು ಮರಗಳಿಗೆ ತಿರುಗಿಸುವ ಬದಲಾವಣೆಗೆ ಒಂದು ತಾಂತ್ರಿಕ ತೊಡಕಿದೆ. ಆತುರಪಡುವವರು ಅದನ್ನು ಗಮನಿಸಬೇಕು. ಹುಲ್ಲಿನ ನಡುವೆ ಬೆಳೆದ ಮರಗಳು ತುಂತುರು ನೀರಿಗೆ ಒಗ್ಗಿ ಬೇರುಗಳನ್ನು ಮೇಲ್ಮಣ್ಣಿನಲ್ಲೇ ಹರಡಿಕೊಂಡಿರುತ್ತವೆ. ಹುಲ್ಲಿನ ನೀರನ್ನು ಒಂದೇ ಬೇಸಿಗೆಯಲ್ಲಿ ನಿಲ್ಲಿಸಿದರೆ ಮೊದಲು ಸಾಯುವುದು ಆ ಮರಗಳೇ. ಹಾಗಾಗಿ ಹಳೆಯ ಪಾರ್ಕುಗಳಲ್ಲಿ ಒಂದೊಂದು ತುಂಡಾಗಿ, ಮರಗಳಿಗೆ ಬೇರೆ ಕೊಳವೆ ಎಳೆದು ಬೇರು ಆಳಕ್ಕಿಳಿಯಲು ಕೆಲವು ವರ್ಷ ಕೊಟ್ಟ ಮೇಲೆ, ಪಕ್ಕದ ಹುಲ್ಲನ್ನು ಕೈಬಿಡುತ್ತ ಹೋಗಬೇಕಾಗುತ್ತದೆ. 2040ರ ಯೋಜನೆಯಡಿ ಬರಲಿರುವ ಹೊಸ ಪಾರ್ಕುಗಳಿಗೆ ಈ ಕಟ್ಟುಪಾಡಿಲ್ಲ. ಅಲ್ಲಿ ಮೊದಲ ಗಿಡವನ್ನೇ ಈ ಲೆಕ್ಕ ಹಾಕಿ ನೆಡಬಹುದು.